ಬಯಲಿನ ಜೇಡಿಗೋಡು: ನೂರಾರು ವರ್ಷಗಳ ಓದು

ಕರಾವಳಿಯ ಮಣ್ಣನ್ನು ಮೊದಲು ವಿಂಗಡಿಸಿದವರು ಇಲ್ಲಿನ ಬೇಸಾಯಗಾರರು. ಅವರು ನೋಡಿದ್ದು ನೀರನ್ನು. ನೀರು ನಿಲ್ಲುವ ತಗ್ಗು ಬಯಲು. ಏಣೆಲು, ಸುಗ್ಗಿ, ಕೊಳಕೆ ಎಂಬ ಭತ್ತದ ಮೂರೂ ಬೆಳೆ ಅಲ್ಲಿ ಸಾಧ್ಯ. ಎರಡು ಬೆಳೆಗೆ ಒದಗುವುದು ಮಜಲು. ಮಳೆಯನ್ನೇ ನಂಬಿದ್ದು ಬೆಟ್ಟು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ವಿಂಗಡಣೆಯನ್ನು ಬರೆದಿಟ್ಟ. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲೇ ನಮ್ಮ ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರೂ ಬಂತು.

ಆಮೇಲೆ ಮಣ್ಣನ್ನು ಕೈಯಲ್ಲಿ ಹಿಡಿದವರು ಹಂಚಿನವರು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು, ಮುಂದೆ ಕುದ್ರೋಳಿಯಲ್ಲೂ ಒಂದು ಎದ್ದಿತು. ನದಿ ಬದಿಯ ಜೇಡಿ ಎಷ್ಟು ನೀರಿಗೆ ಹದವಾಗುತ್ತದೆ, ಒಣಗುವಾಗ ಬಿರಿಯುತ್ತದೆಯೇ ಎಂಬುದು ಅವರ ನಿತ್ಯದ ಪರೀಕ್ಷೆ. ಇದೇ ಗುಣವನ್ನು ಅಳತೆಗೆ ತಂದವನು ಸ್ವೀಡನ್ನಿನ ವಿಜ್ಞಾನಿ ಆಟರ್‌ಬರ್ಗ್, 1911ರಲ್ಲಿ. ಕರಾವಳಿಯ ಜೇಡಿಯಲ್ಲಿ ಕೆಯೊಲಿನೈಟ್ ಹೆಚ್ಚು. ಹಾಗಾಗಿ ಅದು ಬಯಲುಸೀಮೆಯ ಎರೆಮಣ್ಣಿನಂತೆ ಉಬ್ಬಿ ಬಾಯಿಬಿಡುವುದಿಲ್ಲ.

ಪ್ರಯೋಗಾಲಯ ಹಿಡಿದದ್ದು ಕಣದ ಗಾತ್ರವನ್ನು. ನೀರಿನಲ್ಲಿ ಕಲಸಿದ ಮಣ್ಣು ತಳಕ್ಕಿಳಿಯುವ ವೇಗದಿಂದ ಜೇಡಿಯ ಪಾಲನ್ನು ಅಳೆಯುವ ಹೈಡ್ರೋಮೀಟರ್ ವಿಧಾನವನ್ನು ಮಣ್ಣಿನ ವಿಜ್ಞಾನಿ ಬೊಯೂಕೋಸ್ 1927ರಲ್ಲಿ ಪ್ರಕಟಿಸಿದ. ಅಮೆರಿಕದ ಕೃಷಿ ಇಲಾಖೆಯ ವರ್ಗೀಕರಣದಲ್ಲಿ ಜೇಡಿ ಶೇ. 27ರಿಂದ 40, ಮರಳು ಶೇ. 20ರಿಂದ 45, ಉಳಿದದ್ದು ನಯವಾದ ಹೂಳುಕಣ ಇದ್ದರೆ ಅದು ಜೇಡಿಗೋಡು. ತೇವವನ್ನೂ ಪೋಷಕಾಂಶವನ್ನೂ ಚೆನ್ನಾಗಿ ಹಿಡಿದಿಡುವ ಮಣ್ಣಿದು. ಆದರೆ ಗಂಟೆಗೆ ಸುಮಾರು 5ರಿಂದ 10 ಮಿಲಿಮೀಟರ್ ನೀರನ್ನಷ್ಟೇ ಒಳಗೆ ಬಿಟ್ಟುಕೊಳ್ಳುತ್ತದೆ. ಮಂಗಳೂರಿನ ಆಷಾಢದ ಒಂದು ಜೋರು ಮಳೆ ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ.

ಆದರೂ ಕಣದ ಲೆಕ್ಕವೊಂದನ್ನೇ ನಂಬಿದರೆ ದಾರಿ ತಪ್ಪುತ್ತೇವೆ. ಮುರಕಲ್ಲಿನಿಂದಾದ ಗುಡ್ಡದ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡು ಜೇಡಿಯನ್ನು ಸಣ್ಣ ಹರಳುಗಳಾಗಿ ಕಟ್ಟಿಹಾಕುವುದರಿಂದ ನಡುವಿನ ಸಂದುಗಳಲ್ಲಿ ನೀರು ಬೇಗ ಬಸಿಯುತ್ತದೆ. ಅಷ್ಟೇ ಜೇಡಿಯಿರುವ ಬಯಲಿನ ಮಣ್ಣಿನಲ್ಲಿ ನೀರು ಕದಲುವುದೇ ಇಲ್ಲ. ತಲೆಮಾರುಗಳ ಕಾಲ ನೀರು ನಿಲ್ಲಿಸಿ ಕೆಸರು ಉತ್ತು ತುಳಿದದ್ದರಿಂದ ಉಳುಮೆಯ ಆಳದ ಕೆಳಗೆ ಗಟ್ಟಿ ಪದರವೊಂದು ಕೂತಿರುತ್ತದೆ. ಭತ್ತಕ್ಕೆ ನೀರು ನಿಲ್ಲಲೆಂದು ಬೇಕೆಂದೇ ಮಾಡಿಕೊಂಡ ಪದರವದು. ಗದ್ದೆಗೆ ಕೆಂಪುಮಣ್ಣು ತುಂಬಿಸಿ ಮನೆ ಕಟ್ಟಿದರೂ ಆ ಪದರ ಅಲ್ಲೇ ಇರುತ್ತದೆ. ಮೇಲಿನಿಂದ ಇಳಿದ ನೀರು ಅದರ ಮೇಲೆ ನಿಂತು ಅಡಿಪಾಯಕ್ಕೆ, ತೆಂಗಿನ ಬೇರಿಗೆ ತಾಗುತ್ತದೆ. ಕುದ್ರೋಳಿಯಂಥ ನದಿಗೆ ಹತ್ತಿರದ ತಗ್ಗಿನಲ್ಲಿ ಭರತದ ವೇಳೆ ತೋಡಿನ ನೀರೂ ಹಿಮ್ಮುಖವಾಗಿ ಏರುವುದರಿಂದ ಬಸಿಯಲು ಎಡೆ ಇನ್ನೂ ಕಡಿಮೆ. ಅಡಿಕೆ ತೋಟಗಳಲ್ಲಿ ಬಸಿಗಾಲುವೆ ತೆಗೆಯುವ ಹಿರಿಯರ ಪದ್ಧತಿಯ ವಿವೇಕವನ್ನು ನಗರದ ನಿವೇಶನಗಳು ಮರೆತದ್ದು ದೊಡ್ಡ ನಷ್ಟ.

1976ರಲ್ಲಿ ಹುಟ್ಟಿದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂ ಬಳಕೆ ಯೋಜನಾ ಬ್ಯೂರೋ ಕರ್ನಾಟಕದ ಮಣ್ಣಿನ ನಕ್ಷೆಯನ್ನು 1:2,50,000 ಪ್ರಮಾಣದಲ್ಲಿ ತಯಾರಿಸಿತು. ದೊಡ್ಡ ಕೆಲಸವೇ. ಆದರೆ ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ಎರಡೂವರೆ ಕಿಲೋಮೀಟರ್. ಒಂದು ಬಡಾವಣೆಯೊಳಗಿನ ಬಯಲು, ಮಜಲು ಅದರಲ್ಲಿ ಕಾಣವು. 2015ರಲ್ಲಿ ಬಂದ ಮಣ್ಣಿನ ಆರೋಗ್ಯ ಕಾರ್ಡಿನ 12 ಅಂಶಗಳಲ್ಲಿ ರಸಸಾರವಿದೆ, ಸಾವಯವ ಇಂಗಾಲವಿದೆ, ಪೋಷಕಾಂಶಗಳಿವೆ. ಬಸಿಯುವ ಗುಣಕ್ಕೆ ಜಾಗವಿಲ್ಲ. ಇಷ್ಟು ಮಳೆ ಸುರಿಯುವ ಜಿಲ್ಲೆಗೆ ಇದು ಗಂಭೀರ ಕೊರತೆ.

ಅದನ್ನು ತುಂಬಿಕೊಳ್ಳಲು ಒಂದು ಹಾರೆ ಸಾಕು. ಗಿಡ ನೆಡುವ, ಮನೆ ಕಟ್ಟುವ ಮೊದಲು ಎರಡಡಿ ಗುಂಡಿ ತೋಡಿ ನೋಡಿ. ಒಳಮಣ್ಣು ಒಂದೇ ಸಮ ಕೆಂಪಾಗಿದ್ದರೆ ನೀರು ಬಸಿಯುತ್ತದೆ. ಬೂದುಬಣ್ಣದ ನಡುವೆ ತುಕ್ಕಿನ ಚುಕ್ಕೆಗಳಿದ್ದರೆ ವರ್ಷದಲ್ಲಿ ಬಹುಕಾಲ ಅಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ಮೊದಲು ನೀರಿಗೆ ದಾರಿ ಮಾಡಿ.