ಪಟರ್ನೊ ಹೊಣೆಯ ಪ್ರಶ್ನೆ: ಒಂದು ಇ-ಮೇಲ್ ಮತ್ತು ಒಂದು ಸಾಕ್ಷ್ಯದ ಮರುಪರಿಶೀಲನೆ

ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಮಾಜಿ ಸಹಾಯಕ ತರಬೇತುದಾರ ಸ್ಯಾಂಡಸ್ಕಿ ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಫುಟ್‌ಬಾಲ್ ತಂಡದ ಮುಖ್ಯ ತರಬೇತುದಾರ ಜೋ ಪಟರ್ನೊ ಅವರ ಹೊಣೆ ಎಷ್ಟೆಂಬ ಚರ್ಚೆ ಬಹುಮಟ್ಟಿಗೆ 2001ರ ಫೆಬ್ರವರಿ 27ರ ಒಂದೇ ಇ-ಮೇಲ್‌ಗೆ ಅಂಟಿಕೊಂಡಿದೆ. ಸ್ನಾನದ ಕೋಣೆಯಲ್ಲಿ ಸ್ಯಾಂಡಸ್ಕಿ ಬಾಲಕನೊಬ್ಬನ ಜೊತೆಗಿದ್ದುದನ್ನು ಕಂಡ ಕಿರಿಯ ಸಹಾಯಕನೊಬ್ಬ ಪಟರ್ನೊಗೆ ತಿಳಿಸಿ, ಅವರು ಮೇಲಿನವರಿಗೆ ಹೇಳಿದ ಮೇಲೆ, ರಾಜ್ಯದ ಮಕ್ಕಳ ಕಲ್ಯಾಣ ಇಲಾಖೆಗೂ ದೂರು ಕೊಡುವ ಯೋಜನೆ ಸಿದ್ಧವಾಗಿತ್ತು. ಕ್ರೀಡಾ ನಿರ್ದೇಶಕ ಟಿಮ್ ಕರ್ಲಿ ಆ ಇ-ಮೇಲ್‌ನಲ್ಲಿ, ಮತ್ತೊಮ್ಮೆ ಯೋಚಿಸಿ, ಹಿಂದಿನ ದಿನ ಜೋ ಜೊತೆ ಮಾತಾಡಿದ ಬಳಿಕ, ಮೊದಲು ಸ್ಯಾಂಡಸ್ಕಿಯೊಡನೆ ಮಾತಾಡುವುದೇ ಸರಿಯೆನಿಸಿದೆ ಎಂದು ಬರೆದರು; ದೂರು ಹೋಗಲೇ ಇಲ್ಲ.

ಎಫ್‌ಬಿಐನ ಮಾಜಿ ಮುಖ್ಯಸ್ಥ ಲೂಯಿಸ್ ಫ್ರೀ 2012ರ ಜುಲೈನಲ್ಲಿ ವಿಶ್ವವಿದ್ಯಾಲಯ ತಮಗೆ ವಹಿಸಿದ್ದ ತನಿಖೆಯ ವರದಿ ಮಂಡಿಸುವಾಗ, ದೂರು ಕೊಡುವ ಮತ್ತು ಕೊಡದಿರುವ ಎರಡು ನಿರ್ಧಾರಗಳ ನಡುವೆ ಗೊತ್ತಿರುವ ಏಕೈಕ ಸಂಗತಿ ಆ ಮಾತುಕತೆಯೇ ಎಂದರು. 2013ರ ಫೆಬ್ರವರಿಯಲ್ಲಿ ಪಟರ್ನೊ ಕುಟುಂಬದ ಪರಿಣತರು ಇದನ್ನು ಅಲ್ಲಗಳೆದರು. ಇಷ್ಟರ ಮಟ್ಟಿಗೆ ಕುಟುಂಬದ ಪಕ್ಷವೇ ಸರಿ: ಇ-ಮೇಲ್ ಕರ್ಲಿಯದು, ಮಾತುಕತೆಯಲ್ಲಿ ಯಾರು ಏನೆಂದರೆಂಬುದು ಅದರಲ್ಲಿಲ್ಲ, 2012ರ ಜನವರಿಯಲ್ಲೇ ತೀರಿಕೊಂಡ ಪಟರ್ನೊ ಅವರನ್ನು ಫ್ರೀ ತಂಡ ಪ್ರಶ್ನಿಸಿಯೂ ಇರಲಿಲ್ಲ. ಆದರೆ ಈ ಸಣ್ಣ ಗೆಲುವನ್ನು ಪೂರ್ಣ ದೋಷಮುಕ್ತಿಯೆಂದು ಹಿಗ್ಗಿಸಿದ್ದು ಒಪ್ಪತಕ್ಕದ್ದಲ್ಲ.

ಎರಡೂ ಕಡೆಯವರಿಗೆ ಗೊತ್ತಿದ್ದೂ ವಾದದ ತಳಹದಿಯಾಗದೆ ಉಳಿದದ್ದು ಪಟರ್ನೊ ಅವರದೇ ಸಾಕ್ಷ್ಯ. 2011ರ ಜನವರಿ 12ರಂದು ಗ್ರ್ಯಾಂಡ್ ಜ್ಯೂರಿ, ಅಂದರೆ ಅಪರಾಧದ ಆರೋಪಕ್ಕೆ ಆಧಾರವಿದೆಯೇ ಎಂದು ಪರಿಶೀಲಿಸುವ ನಾಗರಿಕರ ಮಂಡಲಿಯ ಮುಂದೆ, ಪ್ರಮಾಣ ಮಾಡಿ ನುಡಿದ ಅವರು, ಏನೆಂದು ಕರೆಯಬೇಕೋ ತಿಳಿಯದು ಎಂಬ ಅಳುಕಿನೊಂದಿಗೇ, ಸಹಾಯಕ ಹೇಳಿದ್ದು ಲೈಂಗಿಕ ಸ್ವರೂಪದ್ದೆಂದು ಒಪ್ಪಿದರು. ಸಹಾಯಕ ತಿಳಿಸಿದ ದಿನ ಶನಿವಾರವಾದ್ದರಿಂದ ಅಧಿಕಾರಿಗಳ ವಾರಾಂತ್ಯ ಕೆಡಿಸಲು ಮನಸ್ಸಾಗಲಿಲ್ಲವೆಂದೂ ಸೇರಿಸಿದರು. (ಸಮರ್ಥಕರು ಆ ಅಳುಕನ್ನಷ್ಟೇ ಎತ್ತಿ ತೋರಿಸಿ ಉಳಿದದ್ದನ್ನು ಬಿಡುವುದು ಆಧಾರಗಳನ್ನು ಬಳಸುವ ಪ್ರಾಮಾಣಿಕ ಕ್ರಮವಲ್ಲ.) ಮಗುವೊಂದರ ಗತಿ ಏನಾಯಿತೆಂಬ ಆತಂಕಕ್ಕಿಂತ ಮೇಲಧಿಕಾರಿಗಳ ವಿರಾಮ ಮುಂದಾದುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ, ಫೆಬ್ರವರಿ 26ರ ಮಾತುಕತೆಯ ಒಳಗುಟ್ಟು ತಿಳಿಯದಿದ್ದರೂ ಈ ಪುರಾವೆ ಕುಂದುವುದಿಲ್ಲ.

ಮೇಲಿನವರಿಗೆ ತಿಳಿಸಿದಾಕ್ಷಣ ಕರ್ತವ್ಯ ಮುಗಿಯಿತೆಂಬ ವಾದಕ್ಕೆ ಅಂದಿನ ಪೆನ್ಸಿಲ್ವೇನಿಯಾ ಕಾನೂನಿನ ಆಸರೆಯಿತ್ತು: ಸಂಸ್ಥೆಯ ನೌಕರ ತನ್ನ ಮುಖ್ಯಸ್ಥರಿಗೆ ಹೇಳಿದರೆ ಸಾಕಿತ್ತು, ನೇರ ದೂರಿನ ಕಡ್ಡಾಯ ಜಾರಿಯಾದದ್ದು 2014ರ ಕೊನೆಗೆ. ಆದರೆ ಕಾನೂನಿನ ಕನಿಷ್ಠ ಬೇಡಿಕೆಯಿಂದಲೇ ಹೊಣೆಯನ್ನು ಅಳೆಯುವವರು, 1966ರಿಂದ ಮುಖ್ಯ ತರಬೇತುದಾರರಾಗಿದ್ದು ಸ್ಯಾಂಡಸ್ಕಿಯನ್ನು ಮೂವತ್ತು ವರ್ಷ ಸಹಾಯಕನಾಗಿ ಇರಿಸಿಕೊಂಡ ವ್ಯಕ್ತಿಯ ಒಂದು ಪ್ರಶ್ನೆಗೆ ಆ ಆವರಣದಲ್ಲಿ ಎಷ್ಟು ತೂಕವಿತ್ತೆಂಬುದನ್ನು ಮರೆಯುತ್ತಾರೆ. ಫುಟ್‌ಬಾಲ್ ಕಟ್ಟಡಗಳಿಗೆ ಸ್ಯಾಂಡಸ್ಕಿಯ ಪ್ರವೇಶ 2011ರವರೆಗೂ ನಿಲ್ಲಲಿಲ್ಲ, ಮತ್ತು 2012ರಲ್ಲಿ ಸಾಬೀತಾದ 45 ಆರೋಪಗಳಲ್ಲಿ 2001ರ ಫೆಬ್ರವರಿಯ ನಂತರದ ಕೃತ್ಯಗಳೂ ಸೇರಿದ್ದವು.

ಪ್ರಕರಣದ ಶಿಕ್ಷೆಯಾಗಿ ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆ ಪಟರ್ನೊ ಹೆಸರಿನಿಂದ ಕಳೆದಿದ್ದ 111 ಗೆಲುವುಗಳು 2015ರ ಜನವರಿಯಲ್ಲಿ ಮರಳಿದ್ದನ್ನು ನಿರ್ದೋಷಿತ್ವದ ತೀರ್ಪೆಂಬಂತೆ ಉಲ್ಲೇಖಿಸುವುದು ಇನ್ನೂ ನಿಂತಿಲ್ಲ. ಅವು ಮರಳಿದ್ದು ಅದೇ ಸಂಸ್ಥೆ ವಿಶ್ವವಿದ್ಯಾಲಯಕ್ಕೆ ವಿಧಿಸಿದ್ದ 6 ಕೋಟಿ ಡಾಲರ್ ದಂಡದ ಕುರಿತ ದಾವೆಯೊಂದರ ರಾಜಿಯಲ್ಲಿ. ಪಟರ್ನೊ ಏನು ಮಾಡಬೇಕಿತ್ತು, ಏನು ಮಾಡಲಿಲ್ಲ ಎಂಬುದನ್ನು ಆ ರಾಜಿ ತೀರ್ಮಾನಿಸಲಿಲ್ಲ.