ವಾಕ್ಚಿತ್ರಗಳಲ್ಲಿ ಧ್ವನಿಸಂಯೋಜನ

ವಾಕ್ಚಿತ್ರವನ್ನು ನೋಡುವವರು ನಟನ ತುಟಿಯ ಚಲನೆಯನ್ನು ಕಂಡು, ಅದೇ ಕ್ಷಣದಲ್ಲಿ ಮಾತನ್ನೂ ಕೇಳಿ, ಎರಡೂ ಒಂದೇ ಎಡೆಯಿಂದ ಹೊರಟುವೆಂದು ನಂಬುವರು. ವಾಸ್ತವವಾಗಿ, ಅವೆರಡನ್ನೂ ಮೊದಲು ಬೇರ್ಪಡಿಸಿ ಆಮೇಲೆ ಕೂಡಿಸುವುದೇ ಈ ಕಲೆಯ ಮೂಲ. ಹಾಗೆ ಬೇರ್ಪಟ್ಟ ಧ್ವನಿಯ ಚರಿತ್ರೆಯಲ್ಲಿ ಕನ್ನಡಕ್ಕೂ ಒಂದು ಸ್ಥಾನವುಂಟು.

ಮೊದಲು ಹೀಗಿರಲಿಲ್ಲ. 1931ನೆಯ ಮಾರ್ಚಿ 14ರಂದು ಮುಂಬಯಿಯಲ್ಲಿ ಪ್ರದರ್ಶಿತವಾದ ‘ಆಲಂ ಆರಾ’ ನಮ್ಮ ದೇಶದ ಪ್ರಥಮ ವಾಕ್ಚಿತ್ರ. ಅದರ ನಿರ್ಮಾಪಕರಾದ ಅರ್ದೇಶಿರ್ ಇರಾಣಿಯವರ ಯಂತ್ರವು ಬಿಂಬವನ್ನೂ ಧ್ವನಿಯನ್ನೂ ಒಂದೇ ಫಿಲ್ಮಿನ ಮೇಲೆ ಏಕಕಾಲದಲ್ಲಿ ಮುದ್ರಿಸುತ್ತಿತ್ತು. ಸ್ಟುಡಿಯೋವಿನ ಪಕ್ಕದಲ್ಲಿಯೇ ರೈಲುಹಳಿ. ಆದಕಾರಣ ಸದ್ದಡಗಿದ ರಾತ್ರಿವೇಳೆಯಲ್ಲಿ ಕೆಲಸ. ಮೈಕುಗಳನ್ನು ನಟರ ಸುತ್ತ ಮರೆಮಾಡಿ, ಮಾತು, ಹಾಡು, ವಾದ್ಯ ಎಲ್ಲವನ್ನೂ ಒಮ್ಮೆಗೇ ಹಿಡಿಯಬೇಕಾಗಿತ್ತು. ವಾದ್ಯಗಾರನೊಬ್ಬ ಕೆಮ್ಮಿದರೆ ನಟನ ಶ್ರಮವೆಲ್ಲ ವ್ಯರ್ಥವೇ ಸರಿ!

ಇಂತಹ ಫಿಲ್ಮನ್ನು ಕತ್ತರಿಸುವುದೂ ಕಷ್ಟ. ಪರದೆಗೆ ಬಿಂಬವನ್ನು ಬೀರುವಾಗ ಫಿಲ್ಮು ಸೆಕೆಂಡಿಗೆ 24 ಬಾರಿ ನಿಂತು ನಿಂತು ಚಲಿಸಬೇಕು. ಧ್ವನಿಗಾದರೋ ಎಡೆಬಿಡದ ಸಮವಾದ ಓಟ ಬೇಕು. ಒಂದೇ ಸ್ಥಳದಲ್ಲಿ ಇವೆರಡೂ ಸಾಧ್ಯವಿಲ್ಲವಷ್ಟೆ. ಆದುದರಿಂದ ಧ್ವನಿಯನ್ನು ಅದರ ಬಿಂಬಕ್ಕಿಂತ ಸುಮಾರು 20 ಚೌಕಗಳಷ್ಟು ಮುಂದೆ ಅಚ್ಚುಮಾಡುವರು. ಬಿಂಬ ಮುಗಿದೆಡೆಯಲ್ಲಿ ಕತ್ತರಿ ಹಾಕಿದರೆ ಮಾತು ಮತ್ತೆಲ್ಲಿಯೋ ತುಂಡಾಗುವುದು.

ಧ್ವನಿಗೆ ಪ್ರತ್ಯೇಕ ಫಿಲ್ಮನ್ನು ಬಳಸತೊಡಗಿದ ಮೇಲೆ ಈ ಬಂಧನ ಸಡಿಲಿತು. ಮಾತಿಗೊಂದು, ಸಂಗೀತಕ್ಕೊಂದು, ಗುಡುಗು ಹೆಜ್ಜೆಸಪ್ಪಳಗಳಿಗೊಂದು ಪಟ್ಟಿಯನ್ನಿರಿಸಿ, ಎಲ್ಲವನ್ನೂ ಒಂದೇ ವೇಗದಲ್ಲಿ ಓಡಿಸಿ, ಮಾತು ಬಂದಾಗ ಸಂಗೀತವನ್ನು ತಗ್ಗಿಸಿ ಹೊಸ ಪಟ್ಟಿಗೆ ಇಳಿಸುವುದು ಸಾಧ್ಯವಾಯಿತು. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸಿನವರು ನಿತಿನ್ ಬೋಸರ ‘ಭಾಗ್ಯಚಕ್ರ’ದಲ್ಲಿ ಹಾಡನ್ನು ಮೊದಲೇ ಮುದ್ರಿಸಿ, ನಟರಿಂದ ತುಟಿ ಆಡಿಸಿದರು. ಅಂದಿನಿಂದ ಹಾಡಬಲ್ಲ ಕಂಠವೂ ನೋಡತಕ್ಕ ಮುಖವೂ ಒಬ್ಬರದೇ ಆಗಿರಬೇಕೆಂಬ ನಿರ್ಬಂಧ ತಪ್ಪಿತು. ರಂಗಭೂಮಿಯ ಗಾಯಕನಟರಿಗೆ ಇದು ಲಾಭವಾಯಿತೆಂದು ಹೇಳಲಾರೆನು.

ಇನ್ನು ಕನ್ನಡದ ಮಾತು. 1934ರ ‘ಸತಿ ಸುಲೋಚನಾ’ ನಮ್ಮ ಪ್ರಥಮ ವಾಕ್ಚಿತ್ರ. ಅದರ ಪ್ರತಿ ಇಂದು ಉಳಿದಿಲ್ಲ. ಅದರಲ್ಲಿ ಅಭಿನಯಿಸಿದ್ದ ಸುಬ್ಬಯ್ಯನಾಯಡುರವರೇ 1943ರಲ್ಲಿ ಆರ್. ನಾಗೇಂದ್ರರಾಯರ ನಿರ್ದೇಶನದ ‘ಸತ್ಯಹರಿಶ್ಚಂದ್ರ’ಕ್ಕೂ ನಾಯಕರು. ಎ. ವಿ. ಮೆಯ್ಯಪ್ಪನವರು ಆ ಚಿತ್ರದ ಕನ್ನಡ ಮಾತುಗಳನ್ನು ತೆಗೆದು, ತಮಿಳು ಮಾತುಗಳನ್ನು ಕೂಡಿಸಿ, 1944ರಲ್ಲಿ ಹೊರತಂದರು. ಭಾರತದಲ್ಲಿ ಹೀಗೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಧ್ವನಿ ಬದಲಿಸಿದ ಮೊದಲ ಚಿತ್ರ ಅದೇ ಎಂದು ಪರಿಗಣಿತವಾಗಿದೆ. ಹರಿಶ್ಚಂದ್ರನು ಸತ್ಯವನ್ನು ಬಿಡಲಿಲ್ಲ. ಭಾಷೆಯನ್ನು ಮಾತ್ರ ಬಿಡಬೇಕಾಯಿತು!

ಸೋದರಭಾಷೆಗಳೆಂದ ಮಾತ್ರಕ್ಕೆ ಈ ಕೆಲಸ ಸುಲಭವೆಂದು ಭಾವಿಸಬಾರದು. ಕನ್ನಡದ ‘ಮರ’ ಎಂಬಲ್ಲಿ ತುಟಿ ತೆರೆದೇ ಮುಗಿಯುವುದು. ತಮಿಳಿನ ‘ಮರಮ್’ ಎಂಬಲ್ಲಿ ಮುಚ್ಚಬೇಕು. ನೋಡುವವನ ಕಣ್ಣು ಇಷ್ಟನ್ನೂ ಗಮನಿಸುವುದರಿಂದ, ಬರೆಯುವವನು ಅರ್ಥವನ್ನೂ ತುಟಿಯನ್ನೂ ಜೊತೆಯಾಗಿ ನೋಡಬೇಕಾಗುವುದು.

1950ರ ದಶಕದಲ್ಲಿ ಕಾಂತಪಟ್ಟಿ ಬಂದು, ಮುದ್ರಿಸಿದುದನ್ನು ಕೂಡಲೇ ಕೇಳುವ, ಅಳಿಸಿ ಮತ್ತೆ ಮುದ್ರಿಸುವ ಅನುಕೂಲವಾಯಿತು. ಈಗ ಗಣಕಯಂತ್ರದಲ್ಲಿ ಹತ್ತಾರು ಪಟ್ಟಿಗಳನ್ನು ಮನೆಯಲ್ಲಿ ಕುಳಿತೇ ಬೆರೆಸಬಹುದು.

ಆದರೆ ವಿಧಿಯ ವೈಚಿತ್ರ್ಯವನ್ನು ನೋಡಿರಿ. ಈ ವಿದ್ಯೆಗೆ ಮೊದಲ ಬಿಂಬವನ್ನಿತ್ತ ಕನ್ನಡನಾಡಿನಲ್ಲಿಯೇ 1960ರ ದಶಕದಿಂದ ಡಬ್ಬಿಂಗಿಗೆ ಪ್ರಬಲ ವಿರೋಧ ಬೆಳೆಯಿತು. ಅಗ್ಗದ ಪರಚಿತ್ರಗಳ ಪ್ರವಾಹದಲ್ಲಿ ಇಲ್ಲಿನ ಕಲಾವಿದರು ಕೆಲಸ ಕಳೆದುಕೊಳ್ಳುವರೆಂಬ ಭಯ ನಿರಾಧಾರವಾಗಿರಲಿಲ್ಲ. ಲೋಕದ ಉತ್ತಮ ಚಿತ್ರಗಳನ್ನು ಕನ್ನಡದಲ್ಲಿ ಕೇಳುವ ಭಾಗ್ಯ ಮಕ್ಕಳಿಗೆ ತಪ್ಪಿದುದೂ ಸುಳ್ಳಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಅಂತಹ ತಡೆಯು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ತರುವಾಯ ಬೆಂಗಳೂರಿನ ಧ್ವನಿಶಾಲೆಗಳಲ್ಲಿ ತಮಿಳಿನ ಮುಚ್ಚಿದ ತುಟಿಗೆ ಕನ್ನಡದ ತೆರೆದ ಪದವನ್ನು ಹೊಂದಿಸುವ ಕೆಲಸ ನಡೆಯುತ್ತಿದೆ.