ಹೊಸ ಪೀಪಾಯಿ, ಹಳೆಯ ಪೀಪಾಯಿ: ಐರಿಷ್ ವಿಸ್ಕಿ ಮತ್ತು ಬರ್ಬನ್‌ಗಳ ಭೇದದ ಮೂಲ ಕುರಿತು

ಐರಿಷ್ ವಿಸ್ಕಿಗೂ ಅಮೆರಿಕದ ಬರ್ಬನ್‌ಗೂ ಏನು ವ್ಯತ್ಯಾಸ ಎಂದು ಕೇಳಿದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಮೊದಲನೆಯದು ಧಾನ್ಯದ್ದು: ಐರ್ಲೆಂಡಿನದು ಬಾರ್ಲಿ, ಕೆಂಟಕಿಯದು ಮೆಕ್ಕೆಜೋಳ. ಎರಡನೆಯದು ಭಟ್ಟಿಯದು: ಐರಿಷರು ತಾಮ್ರದ ಹಂಡೆಗಳಲ್ಲಿ ಮೂರು ಸಲ ಇಳಿಸುತ್ತಾರೆ, ಅಮೆರಿಕನ್ನರು ಎತ್ತರದ ಸ್ತಂಭಾಕಾರದ ಭಟ್ಟಿಯಲ್ಲಿ ಇಳಿಸುತ್ತಾರೆ. ಎರಡರಲ್ಲೂ ಸತ್ಯಾಂಶವಿದೆ. ಆದರೆ ಎರಡು ದೇಶಗಳ ಕಾನೂನುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ ಈ ಉತ್ತರಗಳು ಭೇದದ ಪೂರ್ತಿ ಭಾರವನ್ನು ಹೊರಲಾರವು ಎಂಬುದು ತಿಳಿಯುತ್ತದೆ. ಇಂದಿನ ಮಟ್ಟಿಗಾದರೂ ನಿರ್ಣಾಯಕವಾದದ್ದು ಪೀಪಾಯಿ ಹೊಸದೋ ಬಳಸಿದ್ದೋ ಎಂಬ ಪ್ರಶ್ನೆ, ಮತ್ತು ಆ ಪ್ರಶ್ನೆಗೆ ಅಮೆರಿಕದ ಕಾನೂನು ಕೊಟ್ಟ ಉತ್ತರವೇ ಐರಿಷ್ ವಿಸ್ಕಿಯ ಈಗಿನ ರುಚಿಯನ್ನೂ ಬಹುಮಟ್ಟಿಗೆ ರೂಪಿಸಿದೆ ಎಂಬುದು ಈ ಲೇಖನದ ವಾದ.

ವಿವಾದವಿಲ್ಲದ ಸಂಗತಿಗಳನ್ನು ಮೊದಲು ಹೇಳಿಬಿಡಬಹುದು. ಬರ್ಬನ್ ಎನಿಸಿಕೊಳ್ಳಲು ಧಾನ್ಯದಲ್ಲಿ ಕನಿಷ್ಠ ಶೇ. 51ರಷ್ಟು ಮೆಕ್ಕೆಜೋಳ ಇರಬೇಕು. ಭಟ್ಟಿಯಿಂದ ಇಳಿಯುವಾಗ ಮದ್ಯಸಾರ ಶೇ. 80ನ್ನು, ಪೀಪಾಯಿಗೆ ತುಂಬುವಾಗ ಶೇ. 62.5ನ್ನು ಮೀರಬಾರದು, ಪೀಪಾಯಿ ಹೊಸ ಓಕ್ ಮರದ್ದಾಗಿರಬೇಕು, ಅದರ ಒಳಮೈ ಸುಟ್ಟಿರಬೇಕು, ಬಣ್ಣ, ಪರಿಮಳ ಏನನ್ನೂ ಬೆರೆಸುವಂತಿಲ್ಲ. ಇದು ಕೆಂಟಕಿಯದೇ ಆಗಬೇಕೆಂದಿಲ್ಲ. 1964ರಲ್ಲಿ ಕಾಂಗ್ರೆಸ್ಸು ಬರ್ಬನ್ ಅನ್ನು ಇಡೀ ದೇಶದ ವಿಶಿಷ್ಟ ಉತ್ಪನ್ನವೆಂದು ಘೋಷಿಸಿತು. ಐರ್ಲೆಂಡಿನ 1980ರ ಕಾಯ್ದೆ ಇದಕ್ಕಿಂತ ಬಹಳ ಸಡಿಲ: ಮಾಲ್ಟಿನ ಕಿಣ್ವದಿಂದ ಸಕ್ಕರೆಯಾಗಿಸಿದ ಯಾವುದೇ ಧಾನ್ಯ, ಶೇ. 94.8ಕ್ಕಿಂತ ಕಡಿಮೆ ಮದ್ಯಸಾರ, ಮರದ ಪೀಪಾಯಿ, ಐರ್ಲೆಂಡ್ ದ್ವೀಪದಲ್ಲೇ ಕನಿಷ್ಠ ಮೂರು ವರ್ಷ ಮಾಗುವಿಕೆ. ಪೀಪಾಯಿ ಹೊಸದೇ ಹಳೆಯದೇ ಎಂಬುದರ ಬಗ್ಗೆ ಅದು ಮೌನವಾಗಿದೆ.

ಭಟ್ಟಿಯೇ ವಿಸ್ಕಿಯ ಜೀವ ಎಂಬ ವಾದಕ್ಕೆ ಗೌರವದ ಇತಿಹಾಸವಿದೆ. ಈನಿಯಸ್ ಕಾಫಿ 1830ರಲ್ಲಿ ತನ್ನ ನಿರಂತರ ಭಟ್ಟಿಗೆ ಪೇಟೆಂಟ್ ಪಡೆದಾಗ ಡಬ್ಲಿನ್ನಿನ ದೊಡ್ಡ ತಯಾರಕರು ಅದನ್ನು ದೂರವಿಟ್ಟರು. ಜಾನ್ ಜೇಮ್ಸನ್, ವಿಲಿಯಂ ಜೇಮ್ಸನ್, ಜಾನ್ ಪವರ್, ಜಾರ್ಜ್ ರೋ ಸಂಸ್ಥೆಗಳು 1870ರ ದಶಕದ ಕೊನೆಗೆ ಜಂಟಿಯಾಗಿ ಒಂದು ಪುಸ್ತಕವನ್ನೇ ಹೊರತಂದು, ಕಾಫಿ ಭಟ್ಟಿಯಿಂದ ಬರುವುದು ರುಚಿಯಿಲ್ಲದ ಮೂಕ ಮದ್ಯ, ಅದು ವಿಸ್ಕಿಯೇ ಅಲ್ಲ ಎಂದು ವಾದಿಸಿದವು. ಯಾವುದನ್ನು ವಿಸ್ಕಿ ಎನ್ನಬೇಕೆಂದು ಪರಿಶೀಲಿಸಿದ 1908-09ರ ಬ್ರಿಟಿಷ್ ರಾಯಲ್ ಕಮಿಷನ್ ಈ ವಾದವನ್ನು ಒಪ್ಪಲಿಲ್ಲ. ಕಮಿಷನ್ನಿನ ತೀರ್ಮಾನದ ವ್ಯಾವಹಾರಿಕ ಪರಿಣಾಮ ಐರಿಷ್ ಉದ್ಯಮಕ್ಕೆ ಕಠೋರವಾಗಿತ್ತು, ಹಾಗಾಗಿ ಡಬ್ಲಿನ್ ತಯಾರಕರ ಬಗ್ಗೆ ನಂತರದ ಬರಹಗಾರರಿಗೆ ಸಹಾನುಭೂತಿ ಹೆಚ್ಚು. ಆದರೂ ಅವರ ವಾದವನ್ನು ಬರ್ಬನ್ನಿನ ಎದುರು ನಿಲ್ಲಿಸಿದರೆ ಅದು ನಿಲ್ಲದು. ಇಂದಿನ ಬಹುಪಾಲು ಬರ್ಬನ್ ಇಳಿಯುವುದು ಸ್ತಂಭ ಭಟ್ಟಿಯಲ್ಲೇ, ಆದರೆ ಅದನ್ನು ಯಾರೂ ಮೂಕ ಮದ್ಯ ಎನ್ನುವುದಿಲ್ಲ. ಕಾರಣ ಸರಳ. ಭಟ್ಟಿಯ ಆಕಾರಕ್ಕಿಂತ ಅದರಿಂದ ಎಷ್ಟು ಬಲದ ಮದ್ಯ ಇಳಿಸುತ್ತೇವೆ ಎಂಬುದು ಮುಖ್ಯ, ಶೇ. 80ರ ಮಿತಿಯೊಳಗೆ ನಿಂತರೆ ಧಾನ್ಯದ ವಾಸನೆ ಉಳಿಯುತ್ತದೆ, ಶೇ. 94ರ ಹತ್ತಿರ ಹೋದರೆ ಬಹುತೇಕ ಹೋಗಿಬಿಡುತ್ತದೆ. ಹಾಗೆಂದು ಬಲವೊಂದೇ ಎಲ್ಲವನ್ನೂ ನಿರ್ಧರಿಸುತ್ತದೆ ಎನ್ನುವಂತೆಯೂ ಇಲ್ಲ. ಹಂಡೆಯಲ್ಲಿ ಮೂರು ಸಲ ಇಳಿಸಿದ ಐರಿಷ್ ಮದ್ಯದ ಬಲ ಸಾಮಾನ್ಯವಾಗಿ ಶೇ. 80ನ್ನು ದಾಟುತ್ತದೆ, ಅಂದರೆ ಡಬ್ಲಿನ್ ಪರಂಪರೆಯ ಹಂಡೆಯಿಂದ ಬರುವ ಮದ್ಯ ಬರ್ಬನ್ನಿನ ಮಿತಿಗಿಂತ ಹೆಚ್ಚು ಬಲದ್ದು. ಆದರೂ ಮೊಳಕೆ ಬರಿಸದ ಬಾರ್ಲಿಯಿಂದ ಬಂದ ಎಣ್ಣೆಯಂಥ ಜಿಡ್ಡು, ಮಸಾಲೆಯ ಘಾಟು ಅದರಲ್ಲಿ ಉಳಿದೇ ಇರುತ್ತದೆ.

ಧಾನ್ಯದ ವಾದ ಇದಕ್ಕಿಂತ ಗಟ್ಟಿಯಾದದ್ದು. ಐರ್ಲೆಂಡಿನ ‘ಸಿಂಗಲ್ ಪಾಟ್ ಸ್ಟಿಲ್’ ವರ್ಗದಲ್ಲಿ ಮಾಲ್ಟ್ ಮಾಡಿದ ಬಾರ್ಲಿ ಶೇ. 30, ಮಾಡದ ಬಾರ್ಲಿ ಶೇ. 30 ಕನಿಷ್ಠವಾಗಿ ಇರಲೇಬೇಕು. ಇದಕ್ಕೆ ಹೋಲುವುದು ಅಮೆರಿಕದಲ್ಲಿಲ್ಲ. ಆದರೆ ಜಗತ್ತು ಐರಿಷ್ ವಿಸ್ಕಿ ಎಂದು ಕುಡಿಯುವುದರಲ್ಲಿ ಬಹುಪಾಲು ಮಿಶ್ರಣ, ಮತ್ತು ಆ ಮಿಶ್ರಣದ ಹಗುರ ಭಾಗವಾದ ಗ್ರೇನ್ ವಿಸ್ಕಿಯನ್ನು ಕಾರ್ಕ್ ಕೌಂಟಿಯ ಮಿಡ್ಲ್‌ಟನ್‌ನಲ್ಲಿ ಮಾಡುವುದು ಮುಖ್ಯವಾಗಿ ಮೆಕ್ಕೆಜೋಳದಿಂದಲೇ. ಮೆಕ್ಕೆಜೋಳ ಐರಿಷ್ ಬಾಟಲಿಯೊಳಗೂ ಇದೆ. ಅಮೆರಿಕದ ಕಡೆಯಿಂದ ನೋಡಿದರೆ ಸಾಕ್ಷ್ಯ ಇನ್ನೂ ಸ್ಪಷ್ಟ. ‘ಕಾರ್ನ್ ವಿಸ್ಕಿ’ಗೆ ಕನಿಷ್ಠ ಶೇ. 80ರಷ್ಟು ಮೆಕ್ಕೆಜೋಳ ಬೇಕು, ಅಂದರೆ ಬರ್ಬನ್‌ಗಿಂತ ಬಹಳ ಹೆಚ್ಚು. ಅದನ್ನು ಮಾಗಿಸುವುದಾದರೆ ಬಳಸಿದ ಪೀಪಾಯಿಯಲ್ಲೋ ಸುಡದ ಹೊಸ ಪೀಪಾಯಿಯಲ್ಲೋ ಮಾಗಿಸಬೇಕು. ಅದರ ರುಚಿ ಬರ್ಬನ್ನಿನಿಂದ ದೂರ. ಮೆಕ್ಕೆಜೋಳವೇ ಬರ್ಬನ್ನಿನ ಆತ್ಮವಾಗಿದ್ದರೆ ಕಾರ್ನ್ ವಿಸ್ಕಿ ಅದರ ಶುದ್ಧ ರೂಪವಾಗಬೇಕಿತ್ತು. ಹಾಗೆ ಯಾರೂ ಭಾವಿಸುವುದಿಲ್ಲ.

ನಿರ್ಣಾಯಕ ಸಾಕ್ಷ್ಯ ಅದೇ ಅಮೆರಿಕದ ನಿಯಮಾವಳಿಯ, ಅಷ್ಟಾಗಿ ಯಾರೂ ಗಮನಿಸದ ಒಂದು ವರ್ಗದಲ್ಲಿದೆ: ‘ಬರ್ಬನ್ ಮ್ಯಾಶ್‌ನಿಂದ ಇಳಿಸಿದ ವಿಸ್ಕಿ’. ಧಾನ್ಯದ ಪ್ರಮಾಣ ಬರ್ಬನ್ನಿನದೇ, ಭಟ್ಟಿಯ ಮಿತಿ ಬರ್ಬನ್ನಿನದೇ. ಮಾಗಿಸಿದ ಪೀಪಾಯಿ ಮಾತ್ರ ಬಳಸಿದ್ದು. ಅಷ್ಟಕ್ಕೇ ಬರ್ಬನ್ ಎಂಬ ಹೆಸರು ತಪ್ಪಿಹೋಗುತ್ತದೆ. ಇದು ಕಾಗದದ ಮೇಲಿನ ಸಾಧ್ಯತೆ ಮಾತ್ರವಲ್ಲ. ಕೆಂಟಕಿಯ ಹಳೆಯ ಹೆಸರಾದ ಅರ್ಲಿ ಟೈಮ್ಸ್ 1980ರ ದಶಕದಿಂದ ಬಹುಕಾಲ ಅಮೆರಿಕದ ಅಂಗಡಿಗಳಲ್ಲಿ ‘ಕೆಂಟಕಿ ವಿಸ್ಕಿ’ ಎಂಬ ಲೇಬಲ್ಲಿನಲ್ಲಿ ಮಾರಾಟವಾಯಿತು, ಏಕೆಂದರೆ ಅದರ ಒಂದು ಪಾಲು ಬಳಸಿದ ಪೀಪಾಯಿಗಳಲ್ಲಿ ಮಾಗುತ್ತಿತ್ತು. ಧಾನ್ಯ, ಭಟ್ಟಿ, ಊರು, ಹೆಸರು ಎಲ್ಲ ಹಾಗೇ ಇದ್ದೂ ವರ್ಗ ಬದಲಾಯಿತು. ಉಳಿದ ಅಂಶಗಳನ್ನೆಲ್ಲ ಸ್ಥಿರವಾಗಿಟ್ಟು ಒಂದನ್ನೇ ಬದಲಿಸಿ ನೋಡುವ ಅವಕಾಶ ಇಂಥ ಅಧ್ಯಯನದಲ್ಲಿ ಸಿಗುವುದು ಅಪರೂಪ; ಇಲ್ಲಿ ಕಾನೂನೇ ಅದನ್ನು ಒದಗಿಸಿದೆ.

ಹೊಸ ಪೀಪಾಯಿಗೆ ಇಷ್ಟು ಶಕ್ತಿ ಎಲ್ಲಿಂದ? ಒಳಮೈಯನ್ನು ಬೆಂಕಿಗೆ ಹಿಡಿದಾಗ ಮೇಲೆ ಇದ್ದಿಲ ಪದರ ಕಟ್ಟುತ್ತದೆ, ಅದರ ಕೆಳಗಿನ ಮರ ಕೆಂಪಗೆ ಹುರಿದಂತಾಗುತ್ತದೆ. ಆ ಕೆಂಪು ಪದರದಲ್ಲಿ ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ, ಹೆಮಿಸೆಲ್ಯುಲೋಸ್ ಒಡೆದು ಸುಟ್ಟ ಸಕ್ಕರೆಯ ರುಚಿ ಬರುತ್ತದೆ, ಅಮೆರಿಕದ ಬಿಳಿ ಓಕ್‌ನಲ್ಲಿ ಮೊದಲೇ ಇರುವ ಲ್ಯಾಕ್ಟೋನ್‌ಗಳು ತೆಂಗಿನಕಾಯಿಯ ಪರಿಮಳ ಕೊಡುತ್ತವೆ. ಇದರ ಸಿಂಹಪಾಲನ್ನು ಮೊದಲ ಮದ್ಯವೇ ಹೀರಿಕೊಂಡುಬಿಡುತ್ತದೆ. ಫಿಲ್ಟರಿನಲ್ಲಿ ಅದೇ ಪುಡಿಗೆ ಎರಡನೇ ಸಲ ಬಿಸಿನೀರು ಹಾಕಿ ಇಳಿಸಿದ ಡಿಕಾಕ್ಷನ್ನಿನಂತೆ, ಬಳಸಿದ ಪೀಪಾಯಿ ಮುಂದಿನ ಮದ್ಯಕ್ಕೆ ತೆಳುವಾಗಿಯೇ ಕೊಡುತ್ತದೆ. ಆ ತೆಳುವಿನಲ್ಲಿಯೇ ಮದ್ಯದ ಸ್ವಂತ ಗುಣ ಕಾಣಿಸಿಕೊಳ್ಳಲು ಜಾಗ ಸಿಗುವುದು. ಬರ್ಬನ್ನಿನಲ್ಲಿ ಮರ ಮುಂದೆ ನಿಲ್ಲುತ್ತದೆ. ಐರಿಷ್ ವಿಸ್ಕಿಯಲ್ಲಿ ಮರ ಹಿಂದೆ ಸರಿದು ಧಾನ್ಯಕ್ಕೆ ದಾರಿ ಬಿಡುತ್ತದೆ.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ. ಹೊಸ ಪೀಪಾಯಿಯ ಕಡ್ಡಾಯ 1930ರ ದಶಕದ್ದು. 1938ರ ಹೊತ್ತಿಗೆ ಜಾರಿಯಲ್ಲಿತ್ತು. ಅದಕ್ಕೂ ಮುಂಚೆಯೇ ಎರಡು ಪಾನೀಯಗಳು ಬೇರೆ ಬೇರೆಯಾಗಿದ್ದವಲ್ಲ? ನಿಜ. ಸುಟ್ಟ ಪೀಪಾಯಿಯ ಪದ್ಧತಿ ಕೆಂಟಕಿಗೆ ಹಳೆಯದು: ಪೀಪಾಯಿಯ ಒಳಗನ್ನು ಸುಟ್ಟರೆ ಮದ್ಯ ಉತ್ತಮವಾಗುತ್ತದೆಂದು ಲೆಕ್ಸಿಂಗ್‌ಟನ್ನಿನ ವರ್ತಕನೊಬ್ಬ ಬರ್ಬನ್ ಕೌಂಟಿಯ ಜಾನ್ ಕಾರ್ಲಿಸ್‌ಗೆ 1826ರಲ್ಲಿ ಬರೆದ ಪತ್ರ ಉಳಿದಿದೆ. ಹೀಗಾಗಿ ಕಾನೂನು ರೂಢಿಯನ್ನು ಸೃಷ್ಟಿಸಲಿಲ್ಲ. ಇದ್ದ ರೂಢಿಯನ್ನು ಬಿಗಿಗೊಳಿಸಿತು, ಅದರಾಚೆಗಿನ ದಾರಿಗಳನ್ನು ಮುಚ್ಚಿತು. ನನ್ನ ವಾದ ಮುಚ್ಚಿದ ಆ ದಾರಿಯ ಕುರಿತಾದದ್ದು, ಮೂಲದ ಕುರಿತಾದದ್ದಲ್ಲ. ಈ ಸಂದರ್ಭದಲ್ಲಿ ಒಂದು ಜನಪ್ರಿಯ ಕಥೆಯನ್ನು ಬದಿಗಿಡಬೇಕು. ಆರ್ಕನ್ಸಾದ ಮರದ ಉದ್ಯಮಕ್ಕೆ ನೆರವಾಗಲೆಂದು ಕಾಂಗ್ರೆಸ್ ಸದಸ್ಯ ವಿಲ್ಬರ್ ಮಿಲ್ಸ್ ಈ ನಿಯಮ ತಂದರು ಎಂಬುದು ಆ ಕಥೆ. ಮಿಲ್ಸ್ ಕಾಂಗ್ರೆಸ್ಸಿಗೆ ಬಂದದ್ದೇ 1939ರಲ್ಲಿ. ಪೀಪಾಯಿ ಕಟ್ಟುವವರ ಹಿತಾಸಕ್ತಿಗೆ ನಿಯಮದಲ್ಲಿ ಪಾತ್ರ ಇದ್ದಿರಬಹುದು. ಮಿಲ್ಸ್‌ಗೆ ಮಾತ್ರ ಇರಲು ಕಾಲಗಣನೆ ಬಿಡುವುದಿಲ್ಲ.

ಈ ನಿಯಮದಿಂದಾಗಿ ಒಮ್ಮೆ ಬರ್ಬನ್ ತುಂಬಿಸಿದ ಪೀಪಾಯಿ ಬರ್ಬನ್ ತಯಾರಕನಿಗೆ ಮತ್ತೆ ಒದಗದು. ಅದು ಎಲ್ಲಿಗಾದರೂ ಹೋಗಲೇಬೇಕು, ಹೋದದ್ದು ಸ್ಕಾಟ್ಲೆಂಡಿಗೆ, ಐರ್ಲೆಂಡಿಗೆ. ಅತ್ತ ಶೆರ್ರಿಯನ್ನು ಪೀಪಾಯಿಗಳಲ್ಲೇ ಸಾಗಿಸುವ ಪದ್ಧತಿ 1980ರ ದಶಕದಲ್ಲಿ ನಿಂತು, ಅಗ್ಗದ ಶೆರ್ರಿ ಪೀಪಾಯಿಗಳ ಸರಬರಾಜು ಬತ್ತಿದಾಗ ಅಮೆರಿಕದ ಪೀಪಾಯಿಯ ಮಹತ್ವ ಇನ್ನೂ ಹೆಚ್ಚಿತು. ಇಂದು ಐರಿಷ್ ವಿಸ್ಕಿಯ ಗುರುತೆಂದು ಹೇಳುವ ಮೆದು ವೆನಿಲಾ ಮಾಧುರ್ಯ, ಈ ದೃಷ್ಟಿಯಲ್ಲಿ, ಅಮೆರಿಕದ ನಿಯಮವೊಂದರ ದೂರದ ಫಲ. ಇದು ದಿಟ್ಟ ಹೇಳಿಕೆ, ಮಿತಿಗಳನ್ನೂ ಹೇಳಬೇಕು. ಐರಿಷ್ ಕಾನೂನು ಹಳೆಯ ಪೀಪಾಯಿಯನ್ನು ಕಡ್ಡಾಯ ಮಾಡಿಲ್ಲ. ಹೊಸ ಓಕ್, ಚೆಸ್ಟ್‌ನಟ್ ಮರ ಕೂಡ ಅಲ್ಲಿ ಬಳಕೆಯಲ್ಲಿವೆ. ಶೆರ್ರಿ ಪೀಪಾಯಿಗಳ ಪಾಲು ಕೆಲವು ವಿಸ್ಕಿಗಳಲ್ಲಿ ಇಂದಿಗೂ ದೊಡ್ಡದು. ಹೊಸ ಪೀಪಾಯಿಯಲ್ಲೇ ಪೂರ್ತಿ ಮಾಗಿದ ಐರಿಷ್ ವಿಸ್ಕಿ ಕಾನೂನಿನ ಪ್ರಕಾರ ಐರಿಷ್ ಆಗಿಯೇ ಉಳಿಯುತ್ತದೆ, ಹಾಗಾಗಿ ಪೀಪಾಯಿ ಬರ್ಬನ್ನಿನ ವ್ಯಾಖ್ಯೆಯನ್ನು ನಿರ್ಧರಿಸುವಷ್ಟು ಐರಿಷ್ ವಿಸ್ಕಿಯ ವ್ಯಾಖ್ಯೆಯನ್ನು ನಿರ್ಧರಿಸದು. ಅಮೆರಿಕದಲ್ಲಿ ಕಾನೂನು ಮಾಡಿದ್ದನ್ನು ಐರ್ಲೆಂಡಿನಲ್ಲಿ ಬೆಲೆ ಮತ್ತು ಲಭ್ಯತೆ ಮಾಡಿದವು ಎನ್ನುವಷ್ಟಕ್ಕೆ ನನ್ನ ಹೇಳಿಕೆಯನ್ನು ಸೀಮಿತಗೊಳಿಸುತ್ತೇನೆ. ಅದೇ ಪೀಪಾಯಿಗಳು ಬೆಂಗಳೂರಿಗೂ ಬಂದಿವೆ: 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾದ ಅಮೃತ್ ಸಿಂಗಲ್ ಮಾಲ್ಟ್ ಮಾಗುವುದೂ ಬಹುಮಟ್ಟಿಗೆ ಬರ್ಬನ್ ಕಂಡ ಓಕ್‌ನಲ್ಲಿ.

ಬೆಂಗಳೂರಿನ ಉದಾಹರಣೆಯೇ ಇತ್ಯರ್ಥವಾಗದ ಒಂದು ಪ್ರಶ್ನೆಯನ್ನು ಮುಂದಿಡುತ್ತದೆ. ಕೆಂಟಕಿಯ ಬೇಸಿಗೆಯಲ್ಲಿ ಮದ್ಯ ಹಿಗ್ಗಿ ಮರದೊಳಗೆ ಆಳವಾಗಿ ಇಳಿಯುತ್ತದೆ, ಎತ್ತರದ ಉಗ್ರಾಣದ ಮೇಲಂತಸ್ತಿನಲ್ಲಿ ನೀರು ಬೇಗ ಆವಿಯಾಗಿ ಮದ್ಯಸಾರದ ಬಲ ಏರುತ್ತದೆ. ಐರ್ಲೆಂಡಿನ ತಂಪು ತೇವದಲ್ಲಿ ಬಲ ನಿಧಾನವಾಗಿ ಇಳಿಯುತ್ತದೆ. ಪೀಪಾಯಿಗೆ ನಾನು ಇಲ್ಲಿ ಕೊಟ್ಟ ಶ್ರೇಯಸ್ಸಿನಲ್ಲಿ ಒಂದು ಪಾಲು ಹವೆಗೆ ಸಲ್ಲಬೇಕಾಗಬಹುದು. ಕಾನೂನಿನ ವರ್ಗಗಳನ್ನು ಓದಿ ಆ ಪಾಲನ್ನು ಅಳೆಯಲಾಗದು. ಒಂದೇ ಭಟ್ಟಿಯ ಮದ್ಯವನ್ನು ಒಂದೇ ಕಾರ್ಖಾನೆಯ ಹೊಸ ಮತ್ತು ಬಳಸಿದ ಪೀಪಾಯಿಗಳಲ್ಲಿ ತುಂಬಿ, ಎರಡು ಹವೆಗಳಲ್ಲಿ ಸಮಾನ ಅವಧಿಗೆ ಇಟ್ಟು ಹೋಲಿಸಿದಾಗ ಮಾತ್ರ ಅದು ಬೇರ್ಪಡುತ್ತದೆ. ಆ ಫಲಿತಾಂಶ ಹವೆಯ ಕಡೆಗೆ ಬಲವಾಗಿ ವಾಲಿದರೆ ಈ ಲೇಖನದ ಎರಡನೆಯ ಅರ್ಧವನ್ನು ತಿದ್ದಬೇಕಾಗುತ್ತದೆ. ಧಾನ್ಯ ಮತ್ತು ಭಟ್ಟಿಯ ಕುರಿತ ಮೊದಲ ಅರ್ಧಕ್ಕೆ ಅದರಿಂದ ಬಾಧೆಯಿಲ್ಲ.